ಮುಂದಿನ ಎಡಗಾಲಿಯ ತೂಕ

ಜಾಕು ಇಳಿದು ಗಾಡಿಯ ಮುಂದಿನ ಎಡಗಾಲಿ ತೂಕದ ಕಾಟಾದ ಮೇಲೆ ಕೂತ ಮೇಲೆಯೇ ಶ್ರೀಶೈಲಪ್ಪನಿಗೆ ಆ ಕಾಟಾದ ಗುರುತು ಹತ್ತಿದ್ದು. ಅದರ ಮೂಲೆಯಲ್ಲಿ ಒಂದು ತಗ್ಗು ಇತ್ತು. ಅವನ ಅಂಗಡಿಯಲ್ಲಿದ್ದ ಆರು ಕಾಟಾಗಳಲ್ಲಿ ಅಂಥ ತಗ್ಗು ಇದ್ದದ್ದು ಒಂದಕ್ಕೇ, ಅದೂ ಹಿಂದಿನ ಶೆಡ್ಡಿನದಕ್ಕೆ. ಮುಂದಿನ ಪಡಸಾಲೆಯ ನಾಲ್ಕು ಕಾಟಾ ಬೇದಾಣಾ, ಅಂದರೆ ಒಣದ್ರಾಕ್ಷಿ, ಮಾರಲಿಕ್ಕೆ, ಹಿಂದಿನ ಶೆಡ್ಡಿನ ಎರಡು ರೈತರಿಂದ ತಗೊಳ್ಳಲಿಕ್ಕೆ. ಮುಂದಿನವು ಧರ್ಮರಾಯನ ಹಾಗೆ ಇದ್ದುದನ್ನು ಇದ್ದ ಹಾಗೆ ಹೇಳುತ್ತಿದ್ದವು. ಹಿಂದಿನವು ಐವತ್ತು ಕಿಲೋಕ್ಕೆ ಎರಡು ಕಿಲೋ ನುಂಗಿ ನಲವತ್ತೆಂಟು ಎನ್ನುತ್ತಿದ್ದವು. 'ನಾಲ್ಕು ಕಾಟಾ ಧರೆಪ್ಪನ ಗ್ಯಾರೇಜಿಗೆ ಕಳಿಸು' ಎಂದು ಹಮಾಲ ಮಹಾಂತನಿಗೆ ಹೇಳುವಾಗ ಯಾವ ನಾಲ್ಕು ಎಂದು ಬಿಡಿಸಿ ಹೇಳಿರಲಿಲ್ಲ. ಹೇಗೆ ಹೇಳುವುದು? ಬಿಡಿಸಿ ಹೇಳಿದರೆ ಯಾಕೆ ಎಂದು ಕೇಳಿಯಾನು. ಮಹಾಂತ ಪಡಸಾಲೆಯ ಮೂರನ್ನು ಪಿಕಪ್ಪಿಗೆ ಹಾಕಿದ್ದಾನೆ, ನಾಲ್ಕನೆಯದರ ಮೇಲೆ ಮಾಲು ಇದ್ದಿರಬೇಕು, ಹಿಂದೆ ಹೋಗಿ ಕೈಗೆ ಸಿಕ್ಕದ್ದನ್ನು ಎತ್ತಿ ತಂದಿದ್ದಾನೆ. ತಪ್ಪು ಅವನದೇನೂ ಅಲ್ಲ. ಕಾಟಾ ಅಂದರೆ ಕಾಟಾ ಎಂದು ನಂಬಿದ ಮನುಷ್ಯ ಅವನು.

ಸಂಖದ ಆ ಗ್ಯಾರೇಜಿನ ಅಂಗಳದಲ್ಲಿ ಬೆಳಗಿನ ಬಿಸಿಲು ಇನ್ನೂ ಎಳೆಯದಾಗಿತ್ತು. ಧರೆಪ್ಪ ಗೌಂಡಿಗಳು ಹಿಡಿಯುವ ನೀರಿನ ನಳಿ ಹಿಡಿದು ಎರಡು ತಾಸು ನೆಲದ ಮಟ್ಟ ನೋಡಿದ್ದ, ನಾಲ್ಕು ಗಾಲಿಗೆ ನಾಲ್ಕು ಕಾಟಾ ಇಟ್ಟು, ತಗ್ಗಿದ್ದ ಕಡೆ ಅವುಗಳ ಕೆಳಗೆ ಫರಸಿ ಕಲ್ಲಿನ ತುಂಡು ಕೊಟ್ಟಿದ್ದ. ಹಳೆಯ ಮಾರುತಿ ಗಾಡಿ, ಒಳಗಿನ ಸೀಟು, ಗಾಜು, ಬಟ್ಟೆ ಬರೆ ಎಲ್ಲ ಕಿತ್ತು, ಪೈಪಿನ ಪಂಜರ ಬೆಸೆದು, ಎಲುಬು ಮಾತ್ರ ಉಳಿಸಿಕೊಂಡಿತ್ತು. ರವಿವಾರ ಕೊಲ್ಹಾಪುರದ ಕಡೆ ಮಣ್ಣಿನ ಟ್ರ್ಯಾಕಿನ ಮೇಲೆ ರೇಸು. ಓಡಿಸುವವಳು ಧರೆಪ್ಪನ ಮಗಳು ಪ್ರಣಾಲಿ. ಹತ್ತೊಂಬತ್ತರ ಹುಡುಗಿ ಹೆಲ್ಮೆಟ್ಟು ಹಾಕಿಕೊಂಡು, ಪಟ್ಟಿ ಬಿಗಿದುಕೊಂಡು, ಸ್ಟೇರಿಂಗು ಹಿಡಿದು ಅಲ್ಲಾಡದೆ ಕೂತಿದ್ದಳು, ಆಕೆಯ ತೂಕವೂ ಗಾಡಿಯ ತೂಕವೇ ಆದ್ದರಿಂದ. ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ಶ್ರೀಶೈಲಪ್ಪನ ಅಂಗಡಿಯ ಹೆಸರು. ಟೈರು ಶ್ರೀಶೈಲಪ್ಪ ಕೊಡಿಸಿದ್ದಕ್ಕೆ ಧರೆಪ್ಪ ಕೇಳದೆಯೇ ಬರೆಸಿದ್ದು. ಅದನ್ನು ನೋಡಲಿಕ್ಕೇ ಅವನು ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಈಗ ಆ ಹೆಸರು ಓದಿದಷ್ಟೂ ಮೈಯೆಲ್ಲ ಮುದುಡಿತು. ಗೋಡೆಯ ನೆರಳಲ್ಲಿ ಧರೆಪ್ಪನ ತಾಯಿ ಚಂದ್ರಾಬಾಯಿ ಬುತ್ತಿಗಂಟು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವನ ಶೆಡ್ಡಿನಲ್ಲಿ ಹನ್ನೊಂದು ಸುಗ್ಗಿ ಒಣದ್ರಾಕ್ಷಿಯ ಕಡ್ಡಿ ಬಿಡಿಸಿದ ಹೆಂಗಸು. ಆಕೆ ಕಾಟಾ ನೋಡಿದಳೋ ಮೊಮ್ಮಗಳನ್ನು ನೋಡಿದಳೋ ತಿಳಿಯಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ಶ್ರೀಶೈಲಪ್ಪ ಸುಮ್ಮನೆ ಮುಖ ಒರೆಸಿಕೊಂಡ.

"ಮುಂದ ಎಡಕ್ಕ ನೂರಾ ಎಂಬತ್ತೆಂಟು. ಬಲಕ್ಕ ನೂರಾ ತೊಂಬತ್ತಾರು," ಎಂದ ಧರೆಪ್ಪ, ಗೋಡೆಗೆ ಸೀಮೆಸುಣ್ಣದಿಂದ ಬರೆಯುತ್ತ. "ನೋಡ್ರಿ ಸಾವಕಾರ್ರ, ಎಡಕ್ಕ ಕಮ್ಮಿ ಬಿದ್ದದ. ಬ್ಯಾಟರಿ ಎಡಕ್ಕ ಸರಿಸಿದ್ರೂ ಕಮ್ಮಿ ಅದ."

"ಅದರಿಂದ ಏನ ಆಗತದ?" ಎಂದು ಶ್ರೀಶೈಲಪ್ಪ ಕೇಳಿದ. ಗೊತ್ತಿಲ್ಲದೆ ಕೇಳಿದ್ದಲ್ಲ, ಏನಾದರೂ ಕೇಳಬೇಕಾಗಿತ್ತು.

"ಕುಂಟ ಹೊರಸಿನ ಮ್ಯಾಲ ಮಲಗೀರೇನ್ರಿ? ಒಂದ ಕಾಲ ಗಿಡ್ಡ ಇದ್ರ ಇಡೀ ಹೊರಸ ಆಡತದ. ಒಂದ ಮೂಲಿ ಎತ್ತಿದ್ರ ಎದುರಿನ ಮೂಲಿ ಮ್ಯಾಲೂ ಭಾರ ಬೀಳತದ. ಮಣ್ಣನ್ಯಾಗ ಗಾಡಿ ತಿರುಗೂ ಮುಂದ ಈ ಎಂಟ ಕಿಲೋ ಅಂದ್ರ ಎಂಟ ಮಣ ಇದ್ದಂಗ. ಎಡಕ್ಕೂ ಬಲಕ್ಕೂ ಗಾಡಿ ಒಂದ ನಮೂನಿ ತಿರುಗಬೇಕು. ಇಲ್ಲಂದ್ರ ಪೋರಿ ಮಗ್ಗಲಾಗಿ ಬೀಳ್ತಾಳ."

ಬೀಳ್ತಾಳ ಎಂಬ ಮಾತನ್ನು ಅವನು ನಗುತ್ತಲೇ ಹೇಳಿದ. ಹೇಳಿ ಮಂಡಿಯೂರಿ ಎಡಗಾಲಿಯ ಸ್ಪ್ರಿಂಗಿನ ಕೆಳಗಿನ ಚೂಡಿಗೆ, ಆ ತಿರುಪಿನ ಬಳೆಗೆ, ಪಾನಾ ಹಚ್ಚಿದ. ಚೂಡಿ ತಿರುಗಿದಂತೆ ಆ ಮೂಲೆ ಕೂದಲೆಳೆಯಷ್ಟು ಮೇಲೆದ್ದು, ಕಾಟಾದ ಕೆಂಪು ಅಂಕಿ ಒಂದೊಂದೇ ಏರಿತು. ಇಲ್ಲದ ಕೊರತೆ ತುಂಬಲು ಆ ಮನುಷ್ಯ ಬೆವರು ಸುರಿಸುತ್ತಿದ್ದಾನೆ, ನಾನು ಇಸ್ತ್ರಿ ಅಂಗಿಯಲ್ಲಿ ನಿಂತು ನೋಡುತ್ತಿದ್ದೇನೆ. ವರ್ಷಗಳ ಹಿಂದೆ ಇದೇ ಕಾಟಾದ ಹೊಟ್ಟೆ ಬಿಚ್ಚಿ ತಿದ್ದಿದ ಮನುಷ್ಯನೂ ಹೀಗೇ ಮಂಡಿಯೂರಿದ್ದ. ಎಲ್ಲಿಂದಲೋ ಬಂದ ಮನುಷ್ಯ, ಹೆಸರು ಕೇಳಲಿಲ್ಲ, ಇಂಥ ಕೆಲಸಕ್ಕೆ ಹೆಸರು ಯಾಕೆ. 'ಎಷ್ಟು ಇಡಲ್ರಿ' ಎಂದು ಕೇಳಿದ್ದ, ಚಹಾದಲ್ಲಿ ಸಕ್ಕರೆ ಎಷ್ಟು ಎಂದು ಕೇಳಿದ ಹಾಗೆ. ದ್ರಾಕ್ಷಿ ಒಣಗುವ ಮಾಲು, ಮನೆಗೆ ಬಂದ ಮೇಲೂ ಒಣಗುತ್ತದೆ, ಆ ತೂಟು, ಆ ಕೊರತೆ, ಯಾರು ತುಂಬಿಕೊಡಬೇಕು ಎಂದು ಶ್ರೀಶೈಲಪ್ಪ ತನಗೆ ತಾನೇ ವಕೀಲಿ ಮಾಡಿದ್ದ. ಐವತ್ತಕ್ಕೆ ಎರಡು ಎಂದಾಗ ದನಿ ಸಣ್ಣದಾಗಿತ್ತು. ಆಮೇಲೆ ದಸರೆಗೆ ದಸರೆಗೆ ಆರೂ ಕಾಟಾಗಳಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು, ಹೆಂಡತಿ ಗೌರವ್ವ ಆರತಿ ಎತ್ತುವಾಗ ಕೈ ಮುಗಿದಿದ್ದಾನೆ. ದೇವರು ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದನ್ನು ಒಪ್ಪಿಗೆ ಎಂದುಕೊಂಡ. ವ್ಯಾಪಾರಿಗೆ ದೇವರ ಮೌನ ತಿಳಿಯುವಷ್ಟು ಸುಲಭವಾಗಿ ಬೇರೇನೂ ತಿಳಿಯುವುದಿಲ್ಲ.

"ಬರಾಬರ್ ಆತು. ಎರಡೂ ನೂರಾ ತೊಂಬತ್ತೆರಡು," ಎಂದು ಧರೆಪ್ಪ ಎದ್ದು ನಿಂತ. ಗೋಡೆಯ ಮೇಲಿನ ನಾಲ್ಕೂ ಅಂಕಿ ಕೂಡಿಸಿ ಹುಬ್ಬು ಗಂಟಿಕ್ಕಿದ. "ಆರನೂರಾ ನಲವತ್ತೆರಡು. ನಿನ್ನಿ ಲಾರಿ ಕಾಟಾದಾಗ ಹಾಕಿದಾಗ ಆರನೂರಾ ಐವತ್ತು ಇತ್ತಲ್ಲ. ಪ್ರಣಾಲಿ ಒಳಗ ಕುಂತಿದ್ಳು, ಪೆಟ್ರೋಲ್ ಅಷ್ಟ ಇತ್ತು."

ಶ್ರೀಶೈಲಪ್ಪ ಗೋಡೆಯ ಅಂಕಿ ಓದಿದ. ಈಗ ಹಿಡಿಯುತ್ತಾನೆ. ಹಿಡಿಯಲಿ, ತಾನಾಗಿ ಹೇಳುವ ಪಾಡು ತಪ್ಪಲಿ.

"ಬಿಡ್ರಿ," ಎಂದ ಧರೆಪ್ಪ. "ಇಪ್ಪತ್ತ ಟನ್ ತೂಗೂ ಕಾಟಾಕ್ಕ ಎಂಟ ಕಿಲೋ ಯಾವ ಲೆಕ್ಕ. ಲಾರಿ ಕಾಟಾ ಹಾರಿರಬೇಕು. ನಿಮ್ಮವು ಗ್ರಾಮ್ ಹೇಳೂ ಕಾಟಾ."

"ಧರೆಪ್ಪಾ, ಮುಂದಿನ ಎರಡೂ ಅದಲ ಬದಲ ಮಾಡಿ ಒಮ್ಮಿ ನೋಡೋಣು? ಎಡಗಡೀದು ಬಲಕ್ಕ, ಬಲಗಡೀದು ಎಡಕ್ಕ..."

"ಯಾಕ್ರಿ?"

"ಸುಮ್ನ. ಖಾತ್ರಿಗೆ."

"ನಿಮ್ಮ ಕಾಟಾಕ್ಕ ಸಂಶೆ ಪಟ್ರ ನಮ್ಮ ನಾಲಿಗಿಗೆ ಹುಳ ಬೀಳ್ತಾವ್ರಿ ಸಾವಕಾರ್ರ. ನೀವು ಕಾಟಾ ಕೊಟ್ಟದ್ದಕ್ಕ ಈ ಕೆಲಸ ಆತು. ಮಂದಿ ಇದಕ್ಕ ಬ್ಯಾರೆ ಮಶಿನ್ ತರಸ್ತಾರ, ನಮಗೆಲ್ಲಿ ಆಗಬೇಕು ಅದು." ಅಷ್ಟು ಹೇಳಿ ಜಾಕು ಹಚ್ಚಿ ಗಾಡಿ ಎತ್ತಿಯೇ ಬಿಟ್ಟ.

ಶ್ರೀಶೈಲಪ್ಪನಿಗೆ ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಯಿತು. ಖಾತ್ರಿಗೆ ಎಂಬಲ್ಲಿ ನಿಲ್ಲದೆ ಇನ್ನೊಂದು ಮಾತು ಆಡಿದ್ದರೆ ಸಾಕಿತ್ತು. ಆದರೆ ಆ ಇನ್ನೊಂದು ಮಾತಿನ ಹಿಂದೆ ದರಿಬಡಚಿ, ಬಿಳೂರ, ಸಂಖ ಊರುಗಳ ಎಷ್ಟು ರೈತಮನೆಯವರು ಸಾಲುಗಟ್ಟಿ ನಿಂತಿದ್ದರೋ. ಬಾವಿಗೆ ಬಿದ್ದವನು ಆಳ ನೋಡಿ ಬೀಳುತ್ತಾನೆಯೇ ಎಂದು ಅಪ್ಪ ಶಿವಯೋಗೆಪ್ಪ ಹೇಳುತ್ತಿದ್ದ. ಅಪ್ಪ ಕಲ್ಲಿನ ತೂಕ ಇಟ್ಟು ತೂಗಿದವನು, ತಕ್ಕಡಿಯ ಮುಳ್ಳು ನಿಲ್ಲುವವರೆಗೆ ಉಸಿರು ಹಿಡಿಯುತ್ತಿದ್ದ. ಮಗ ಅಂಕಿ ಬರುವ ಕಾಟಾ ತಂದ ದಿನ, ಇದರೊಳಗಿನ ಮುಳ್ಳು ಎಲ್ಲಿದೆ ತೋರಿಸು ಎಂದು ಹಟ ಮಾಡಿದ್ದ. ತೋರಿಸಲಾಗದೆ ಎಲ್ಲರೂ ನಕ್ಕಿದ್ದರು.

ಗಾಡಿಯನ್ನು ಹಗ್ಗ ಕಟ್ಟಿ ಪಿಕಪ್ಪಿನ ಹಿಂದೆ ಎಳೆದುಕೊಂಡು ದರಿಬಡಚಿ ದಾರಿಯ ಮಡ್ಡಿಗೆ, ಆ ಬರಡು ಬಯಲಿಗೆ, ಹೋದರು. ಕಲ್ಲು ಆರಿಸಿ, ಜಾಲಿ ಕಡಿದು, ಧರೆಪ್ಪ ಅಲ್ಲೊಂದು ಎಂಟರ ಆಕಾರದ ದಾರಿ ಮಾಡಿದ್ದ. ಎಂಟು ಯಾಕೆಂದರೆ ಎಡಕ್ಕೂ ಬಲಕ್ಕೂ ತಿರುಗುವುದು ಒಂದೇ ಸುತ್ತಿನಲ್ಲಿ ತಿಳಿಯುತ್ತದೆ. ಶ್ರೀಶೈಲಪ್ಪ ಮನೆಗೆ ಹೋಗಬಹುದಿತ್ತು. ಗಿರಾಕಿ ಬರುವವರಿದ್ದಾರೆ ಎಂದರೆ ಯಾರೂ ತಡೆಯುತ್ತಿರಲಿಲ್ಲ. ಆದರೂ ಹತ್ತಿ ಕೂತ. ಪಿಕಪ್ಪಿನ ಮುಂದಿನ ಸೀಟಿನಲ್ಲಿ ಅವನು, ಹಿಂದೆ ಅಂಗಡಿಗೆ ಮರಳಿಸಲು ಹೇರಿದ್ದ ನಾಲ್ಕು ಕಾಟಾಗಳ ನಡುವೆ ಬುತ್ತಿಗಂಟಿನೊಂದಿಗೆ ಚಂದ್ರಾಬಾಯಿ. ಮುದುಕಿಯನ್ನು ಮುಂದೆ ಕೂರಿಸಿಕೊಳ್ಳೋಣ ಎಂದು ಅನ್ನಿಸಿತ್ತು, ಅಂದರೆ ಅನ್ನಿಸಿತ್ತು ಎಂದು ಆಮೇಲೆ ಅಂದುಕೊಂಡ. ಆ ಹೊತ್ತಿಗೆ ಬಾಗಿಲು ಹಾಕಿಯಾಗಿತ್ತು. ದಾರಿಯ ಕುಣಿಗಳಲ್ಲಿ ಗಾಡಿ ಕುಕ್ಕಿದಾಗೆಲ್ಲ ಹಿಂದೆ ಕಾಟಾಗಳು ಒಂದಕ್ಕೊಂದು ಬಡಿದ ಸದ್ದು. ಏನಾಗುವುದಿದೆ, ಎಂಟು ಕಿಲೋ, ಒಂದು ಎಳೆ ಮೇಕೆಮರಿಯ ತೂಕ. ಅಷ್ಟಕ್ಕೆ ಗಾಡಿ ಬಿದ್ದೀತೇ ಎಂದು ಲೆಕ್ಕ ಹಾಕಿದ. ಐವತ್ತಕ್ಕೆ ಎರಡು ಎಂದಾಗಲೂ ಹೀಗೇ ಲೆಕ್ಕ ಹಾಕಿದ್ದ, ಎರಡು ಕಿಲೋದಲ್ಲಿ ಯಾರ ಮನೆ ಮುಳುಗುತ್ತದೆ ಎಂದು.

ಮೊದಲ ಸುತ್ತು ನಿಧಾನ. ಎರಡನೆಯದು ಜೋರು. ಬಲಕ್ಕೆ ತಿರುಗುವಾಗ ಗಾಡಿ ಮುಂದಕ್ಕೆ ತಳ್ಳಿದ ಹಾಗೆ ಅಗಲಕ್ಕೆ ಹೋಯಿತು, ಪ್ರಣಾಲಿ ಹಿಡಿದು ತಂದಳು. ಎಡಕ್ಕೆ ತಿರುಗಿದಾಗ ಹಿಂಬದಿ ಒಮ್ಮೆಲೇ ಕಿತ್ತುಕೊಂಡು ಓಡಿತು. ಧೂಳಿನೊಳಗೆ ಗಾಡಿ ಅಡ್ಡಲಾಯಿತು, ಬಲಗಡೆಯ ಗಾಲಿಗಳು ಒಡ್ಡಿನ ಮಣ್ಣಿಗೆ ಸಿಕ್ಕಿ, ಎಡಗಡೆಯ ಎರಡೂ ಗಾಲಿ ನೆಲಬಿಟ್ಟು ಎದ್ದವು. ಎದ್ದು, ಅಲ್ಲೇ ಒಂದು ಗಳಿಗೆ ನಿಂತವು. ಆ ಗಳಿಗೆಯಲ್ಲಿ ಶ್ರೀಶೈಲಪ್ಪ ನೋಡಿದ್ದು ಹುಡುಗಿಯನ್ನಲ್ಲ, ಬಾಗಿಲ ಮೇಲಿನ ತನ್ನ ಹೆಸರನ್ನು. ಗಾಡಿ ಮಗುಚಿದರೆ ಜನ ಆ ಹೆಸರು ಓದುತ್ತಾರೆ ಎಂಬುದನ್ನು. ಮೊದಲು ಬಂದ ಯೋಚನೆ ಅದು. ಗಾಡಿ ಧಡ್ ಎಂದು ನಾಲ್ಕೂ ಗಾಲಿಯ ಮೇಲೆ ಬಿದ್ದು ನಿಂತ ಮೇಲೆ, ಆ ಯೋಚನೆ ನೆನಪಾಗಿ ಅವನಿಗೆ ತನ್ನ ಮೇಲೆ ಹೇಸಿಗೆ ಬಂತು.

ಪ್ರಣಾಲಿ ಹೆಲ್ಮೆಟ್ಟು ತೆಗೆದು ಇಳಿದು ಬಂದಳು. "ಪಪ್ಪಾ, ಎಡಕ್ಕ ತಿರುಗಿದ್ರ ಹಿಂದಿನ ಬಾಜೂ ಓಡತದ. ಬಲಕ್ಕ ತಿರುಗಂಗ ಇಲ್ಲ. ತೂಕ ಎಲ್ಲೋ ಚುಕ್ಯದ."

"ಎಲ್ಲಿ ಚುಕ್ಕತದ? ನಾ ಕಣ್ಣಾಗ ಕಣ್ಣಿಟ್ಟ ನೋಡೀನಿ," ಎಂದ ಧರೆಪ್ಪ. ಹೆದರಿಕೆ ಅವನ ಬಾಯಲ್ಲಿ ಸಿಟ್ಟಾಗಿ ಹೊರಬಂತು. "ಕಾಟಾ ಸುಳ್ಳ ಹೇಳತದೇನ? ನಿನ್ನ ಕೈ ಸರಿ ಇಲ್ಲ. ರವಿವಾರ ಹತ್ತ ಮಂದಿ ಮುಂದ ಹಿಂಗ ಮಾಡಿದ್ರ ನನ್ನ ಮಾನ ಏನ ಉಳೀತದ?"

ಹುಡುಗಿ ತನ್ನ ಎರಡೂ ಕೈ ನೋಡಿಕೊಂಡಳು. ನಿಜವಾಗಿ ನೋಡಿಕೊಂಡಳು, ತಪ್ಪು ಅಲ್ಲೇ ಇರಬಹುದೇನೋ ಎಂಬ ಹಾಗೆ. ಶ್ರೀಶೈಲಪ್ಪ ಆ ನೋಟವನ್ನು ಬಲ್ಲ. ಹಿಂದೊಂದು ಸುಗ್ಗಿಯ ಸಂಜೆ, ಶೆಡ್ಡಿನ ಬಾಗಿಲಲ್ಲಿ ಹೆಂಗಸರ ಸಾಲು, ಒಬ್ಬೊಬ್ಬಳೂ ತಾನು ಬಿಡಿಸಿದ ಮಾಲು ತೂಗಿಸಿ ಕಿಲೋದ ಮೇಲೆ ಕೂಲಿ ಲೆಕ್ಕ ಬರೆಸಬೇಕು. ಚಂದ್ರಾಬಾಯಿ ಬುಟ್ಟಿಯನ್ನು ಎರಡು ಸಲ ಎತ್ತಿ ಇಳಿಸಿ, ಸಾವಕಾರ್ರ ನನ್ನ ಕೈಗೆ ಹೆಚ್ಚ ಹತ್ತತದ, ಕಾಟಾದಾಗ ಕಮ್ಮಿ ಬರತದ ಎಂದಿದ್ದಳು. ಜಗಳದ ದನಿಯಲ್ಲ, ಅನುಮಾನ ಬಂದವರ ದನಿ. ಅವನು ಎಲ್ಲರಿಗೂ ಕೇಳುವ ಹಾಗೆ, ಕಾಟಾ ಸುಳ್ಳ ಹೇಳತದೇನ ಚಂದ್ರಾಬಾಯಿ, ನಿನ್ನ ಕೈಗೆ ಮುಪ್ಪ ಬಂದದ ಎಂದಿದ್ದ. ಹೆಂಗಸರು ನಕ್ಕಿದ್ದರು, ಸಾವಕಾರ ನಗಿಸಿದರೆ ನಗಲೇಬೇಕಲ್ಲ. ಆಕೆಯೂ ನಕ್ಕಿದ್ದಳು. ನಕ್ಕು ಹೀಗೇ ತನ್ನ ಕೈ ತಿರುವಿ ಮುರುವಿ ನೋಡಿಕೊಂಡಿದ್ದಳು. ಆ ರಾತ್ರಿ ಅವನಿಗೆ ಚೆನ್ನಾಗಿ ನಿದ್ದೆ ಬಂದಿತ್ತು.

"ಧರೆಪ್ಪಾ," ಎಂದ. ಶ್ರೀಶೈಲಪ್ಪ ಒಂದು ಹೆಜ್ಜೆ ಮುಂದಿಟ್ಟ. "ಪೋರಿಗೆ ಅನ್ನಬ್ಯಾಡ್ರಿ." ರಿ ಹಚ್ಚಿದ್ದು ಅವನಿಗೇ ವಿಚಿತ್ರವಾಗಿ ಕೇಳಿತು, ಮೂವತ್ತು ವರ್ಷದಲ್ಲಿ ಧರೆಪ್ಪನಿಗೆ ಅವನು ರಿ ಅಂದವನಲ್ಲ. "ಆ ಮೂಲಿ ತಗ್ಗಿರೂ ಕಾಟಾ ಕೆಟ್ಟದ ಅಂತ ಕಾಣಸ್ತದ. ಪಿಕಪ್ಪಿನ್ಯಾಗ ಕುಕ್ಕಿ... ನಿನ್ನಿ ತರೂ ಮುಂದ ಕೆಟ್ಟಿರಬೇಕು."

ಧರೆಪ್ಪ ಅವನನ್ನೇ ನೋಡಿದ. ಆಮೇಲೆ ಆ ಮುಖದಲ್ಲಿ ಎಂಥ ಹಗುರು ಬಂತೆಂದರೆ, ಶ್ರೀಶೈಲಪ್ಪ ಬೇರೆ ಕಡೆ ತಿರುಗಿದ. "ಅದಕ್ಕ ಅದಲ ಬದಲ ಮಾಡು ಅಂದ್ರೇನ್ರಿ! ನಾ ಹುಂಬ, ಕೇಳಲಿಲ್ಲ. ದೇವರಂಥಾ ಮನಷ್ಯಾರ ನೀವು. ಬ್ಯಾರೆದವರಾಗಿದ್ರ ತಮ್ಮ ಕಾಟಾ ಕೆಟ್ಟದ ಅಂತ ಬಾಯಿಬಿಡತಿದ್ರೇನ್ರಿ? ಇವತ್ತ ತಿಳದದ್ದು ಚಲೋ ಆತು. ಹಂಗ ಅಂಗಡಿಗೆ ಹೋಗಿದ್ರ ಮಂದಿ ಮಾಲು ಕಮ್ಮಿ ತೂಗಿ, ಸುಮ್ಮನ ನಿಮ್ಮ ಹೆಸರ ಕೆಡತಿತ್ತು."

ಬಯ್ದಿದ್ದರೆ ತಡೆದುಕೊಳ್ಳಬಹುದಿತ್ತು. ಅರ್ಧ ಸುಳ್ಳು ಹೇಳಿ ಇಡೀ ಪುಣ್ಯ ಕಟ್ಟಿಕೊಂಡ ಹಾಗಾಯಿತು. ಇಷ್ಟರಲ್ಲೇ ಮುಗಿದುಹೋಗುತ್ತದೆ, ಗಾಡಿ ಸರಿಯಾಗುತ್ತದೆ, ಹುಡುಗಿ ಬೀಳುವುದಿಲ್ಲ, ಇನ್ನೇನು ಬೇಕು ಎಂದು ಒಳಗಿನ ವಕೀಲ ಎದ್ದು ನಿಂತಿದ್ದ. ಬೇಕಾದದ್ದು ಏನೋ ಇತ್ತು, ಅದರ ಹೆಸರು ಮಾತ್ರ ನೆನಪಾಗಲಿಲ್ಲ.

"ಎಷ್ಟ ಕಮ್ಮಿ ತೋರಸ್ತದ ತಿಳದ್ರ ಇಲ್ಲೇ ಚೂಡಿ ತಿರುವಿ ಸರಿ ಮಾಡಬಹುದು," ಎಂದ ಧರೆಪ್ಪ ತನ್ನಷ್ಟಕ್ಕೆ. "ಇಲ್ಲಂದ್ರ ಮತ್ತ ಸಂಖಕ್ಕ ಹೋಗಿ ಮೊದಲಿಂದ..."

"ಐವತ್ತಕ್ಕ ಎರಡ," ಎಂದಳು ಚಂದ್ರಾಬಾಯಿ.

ಜಾಲಿಯ ನೆರಳಲ್ಲಿ ಕೂತವಳು ಎದ್ದಿರಲಿಲ್ಲ. ಬುತ್ತಿಗಂಟು ಬಿಚ್ಚುತ್ತ, ರೊಟ್ಟಿ ಎಷ್ಟಿವೆ ಎಂದು ಹೇಳುವ ಹಾಗೆ ಹೇಳಿದ್ದಳು.

"ನಿನ್ನಿ ಕೆಟ್ಟದ್ದು ನಿನಗ ಹ್ಯಾಂಗ ಗೊತ್ತವ್ವಾ?"

"ಸಾವಕಾರ್ರನ್ನ ಕೇಳು."

ಧರೆಪ್ಪ ಕೇಳಲಿಲ್ಲ. ಕೇಳುವ ಮೊದಲೇ ಅವನ ಮುಖದಿಂದ ಆ ಹಗುರು ಇಳಿದುಹೋಯಿತು. ಮಡ್ಡಿಯ ಮೇಲೆ ಗಾಳಿ ಇರಲಿಲ್ಲ, ಧೂಳು ಇನ್ನೂ ಪೂರಾ ಕೂತಿರಲಿಲ್ಲ. ಶ್ರೀಶೈಲಪ್ಪ ಪಿಕಪ್ಪಿನ ಬಾಗಿಲು ಹಿಡಿದುಕೊಂಡ. "ನಿನ್ನಿ ಕೆಟ್ಟದ್ದಲ್ಲ," ಎಂದ. "ಕೆಟ್ಟೇ ಇಲ್ಲ ಅದು. ನಾನ ಮಾಡಿಸಿದ್ದು."

ಧರೆಪ್ಪ ಜೇಬಿನಿಂದ ಲಾರಿ ಕಾಟಾದ ಚೀಟಿ ತೆಗೆದು, ಮಡಿಕೆ ಬಿಡಿಸಿ, ಆರನೂರಾ ಐವತ್ತು ಎಂಬುದನ್ನು ಬಹಳ ಹೊತ್ತು ಓದಿದ. ತುಟಿ ಮಾತ್ರ ಅಲ್ಲಾಡುತ್ತಿತ್ತು. ಗಾಡಿಯ ಎಂಟು ಕಿಲೋದ ಲೆಕ್ಕ ಆದ ಮೇಲೂ ಅವನ ತುಟಿ ಅಲ್ಲಾಡುತ್ತಲೇ ಇತ್ತು, ತಾಯಿಯ ಹನ್ನೊಂದು ಸುಗ್ಗಿಯ ಲೆಕ್ಕ ಅಷ್ಟು ಲಗೂನ ಮುಗಿಯುವುದಲ್ಲ. ಆಮೇಲೆ ಪಾನಾ ತಗೊಂಡು ಗಾಡಿಯ ಕಡೆ ನಡೆದ. ಬಾಗಿಲ ಮೇಲಿನ ಹೆಸರನ್ನು ಅವನು ಅಳಿಸಲಿಲ್ಲ, ನೋಡಲೂ ಇಲ್ಲ.

ಪ್ರಣಾಲಿಯೊಬ್ಬಳೇ ಶ್ರೀಶೈಲಪ್ಪನ ಎದುರಿಗೆ ಬಂದು ನಿಂತಳು. ಜೀವ ಆಕೆಯದು, ಕೇಳುವ ಹಕ್ಕೂ ಆಕೆಯದು. "ಕಾಕಾ, ಉಳದ ಮೂರು? ಅವಾದ್ರೂ ಖರೇ ಅದಾವೇನ್ರಿ?"

"ಖರೇ ಅದಾವವ್ವಾ. ಅವು ಮಾರೂ ಕಾಟಾ."

"ಮತ್ತ ಇದು?"

"ಇದು... ತಗೊಳ್ಳೂದು."

ಹುಡುಗಿ ತಲೆಯಾಡಿಸಿದಳು, ಯಂತ್ರದ ಬಗ್ಗೆ ಕೇಳಿ ತಿಳಿದವರ ಹಾಗೆ, ಅಷ್ಟೇ. ಅದಕ್ಕಿಂತ ಮುಖದ ಮೇಲೆ ಉಗಿದಿದ್ದರೆ ಚಲೋ ಇತ್ತು ಎನಿಸಿತು. ಶ್ರೀಶೈಲಪ್ಪ ಜಾಲಿಯ ಕಡೆ ನಾಲ್ಕು ಹೆಜ್ಜೆ ಇಟ್ಟ. "ಚಂದ್ರಾಬಾಯಿ," ಎಂದ, "ಅವತ್ತ ನಿನ್ನ ಕೈಗೆ ಮುಪ್ಪ ಬಂದದ ಅಂದೆ. ನನ್ನದ ತಪ್ಪು." ಹೇಳಿದ ಮೇಲೆ ಎದೆ ಸ್ವಲ್ಪ ಹಗುರಾಯಿತು. ಇಷ್ಟು ವರ್ಷ ಹೊತ್ತದ್ದು ಇದೊಂದನ್ನೇ ಎಂದುಕೊಂಡ, ಇಳಿಸಿಯಾಯಿತು ಎಂದುಕೊಂಡ. ಹಾಗೆ ಅಂದುಕೊಂಡದ್ದಕ್ಕೂ ಒಳಗೊಳಗೇ ಸಮಾಧಾನಪಟ್ಟ.

ಚಂದ್ರಾಬಾಯಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಅವನನ್ನು ನೋಡಿದಳು. "ನನಗೇನ್ ಹೇಳ್ತೀರಿ. ನನಗ ಗೊತ್ತ ಇತ್ತು, ಹನ್ನೊಂದ ಸುಗ್ಗಿ ಈ ಕೈಲೇ ತೂಗೀನಿ. ಪ್ರಣಾಲಿ, ನಂದಾಗ ಫೋನ್ ಹಚ್ಚು."

"ಯಾವ ನಂದಾ?" ಎಂದು ಶ್ರೀಶೈಲಪ್ಪ ಕೇಳಿದ. ಬೇಕೆಂದು ಕೇಳಿದ್ದಲ್ಲ, ಅವನಿಗೆ ನಿಜವಾಗಿ ಗೊತ್ತಿರಲಿಲ್ಲ.

"ನನ್ನ ಬಾಜೂಕ ಕುಂದ್ರತಿದ್ಳಲ್ರಿ. ಅವತ್ತ ಎಲ್ಲಾರೂ ನಕ್ರು, ಆಕಿ ಒಬ್ಬಾಕಿ ನಗಲಿಲ್ಲ. ಅಕ್ಕಾನ ಕೈ ಸುಳ್ಳ ಹೇಳಂಗಿಲ್ಲ ಅಂದ್ಳು. ಬಾಯಿ ಭಾಳ ಆತು, ನಾಳಿಂದ ಬರಬ್ಯಾಡ ಅಂತ ನೀವು ಅಂದ್ರಿ. ಆ ವರ್ಷದಿಂದ ಕಬ್ಬ ಕಡಿಯಾಕ ಹೋಗ್ತಾಳ ಗಂಡನ ಕೂಡ. ಎಂಟ ವರ್ಷ ಆತು."

ಇಲ್ಲ, ಅವನಿಗೆ ನೆನಪಿರಲಿಲ್ಲ. ಆ ಸಂಜೆಯನ್ನು ಎಷ್ಟು ಸಲ ತೆಗೆದು ನೋಡಿದ್ದಾನೆ, ಚಂದ್ರಾಬಾಯಿಯ ಕೈ, ಹೆಂಗಸರ ನಗು, ತನ್ನ ದನಿ, ಎಲ್ಲ ಇದ್ದವು. ಅದರಲ್ಲಿ ಈ ಹೆಂಗಸು ಇರಲೇ ಇಲ್ಲ. ಪಶ್ಚಾತ್ತಾಪವನ್ನೂ ಹಿಂದಿನ ಶೆಡ್ಡಿನ ಕಾಟಾದ ಮೇಲೇ ತೂಗಿಕೊಂಡು ಬಂದಿದ್ದ. ಪ್ರಣಾಲಿ ನಂಬರು ಒತ್ತಿ, ಸ್ಪೀಕರಿಗೆ ಹಾಕಿ, ಫೋನನ್ನು ಅವನ ಕೈಗೆ ಕೊಟ್ಟಳು. ಗಾಡಿಯ ಬಳಿ ಪಾನಾದ ಸದ್ದು ನಿಂತಿತ್ತು.

"ಹಲೋ, ಯಾರ್ರಿ?" ಎಂದಿತು ಹೆಣ್ಣು ದನಿ. ಹಿಂದೆ ಯಾರೋ ಟ್ರ್ಯಾಕ್ಟರು ಹಿಂದಕ್ಕೆ ತೆಗೆಯುತ್ತಿದ್ದರು.

"ನಾನು... ಸಂಖದ ಶ್ರೀಶೈಲಪ್ಪ. ಬೇದಾಣಾ ಅಂಗಡಿ."

ಆ ದನಿ ಒಮ್ಮೆಲೇ ಹತ್ತಿರ ಬಂತು, ಅವಸರದಿಂದ, ಸೆರಗಿಗೆ ಕೈ ಒರೆಸಿಕೊಂಡು ಎದ್ದು ನಿಂತವರ ದನಿ.

"ಸಾವಕಾರ್ರೇನ್ರಿ! ಮತ್ತ ಕೆಲಸಕ್ಕ ಕರದ್ರೇನ್ರಿ? ಎಂದಿಂದ ಬರ್ಲಿರಿ?"